ಲಂಡನ್ನಿನಲ್ಲಿ ಮಳೆ ಹಿಡಿದ ದಿನ ಪುಟ್ಟ ಮಗುವನ್ನು ಎಲ್ಲಿಗೆ ಕರೆದೊಯ್ಯುವುದು, ಮನೆಯಲ್ಲಿ ಏನು ಆಡಿಸುವುದು

ಊರಿನಿಂದ ಲಂಡನ್ನಿಗೆ ಬಂದು ನೆಲೆಸಿರುವ ಕನ್ನಡದ ತಾಯಿತಂದೆಯರಿಂದ ಪ್ರತಿ ವರ್ಷ ಅಕ್ಟೋಬರ್ ಕಾಲಿಡುತ್ತಿದ್ದಂತೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಹೊರಗೆ ಮಳೆ, ಒಳಗೆ ಒಂದೇ ಮಲಗುವ ಕೋಣೆಯ ಬಾಡಿಗೆ ಫ್ಲಾಟು, ಅಜ್ಜಿ ತಾತ ಯಾರೂ ಹತ್ತಿರವಿಲ್ಲ, ಒಂದೂವರೆ ವರ್ಷದ ಮಗು ಬೆಳಗ್ಗೆ ಆರು ಗಂಟೆಗೇ ಎದ್ದು ಕುಳಿತಿರುತ್ತದೆ. ರಾತ್ರಿಯವರೆಗೆ ಅದನ್ನು ಹೇಗೆ ಆಡಿಸುವುದು? ಒಂದರಿಂದ ಮೂರು ವರ್ಷದೊಳಗಿನ ಮಕ್ಕಳನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವವರಿಗಾಗಿ ಈ ಲೇಖನವನ್ನು ಬರೆದಿದ್ದೇನೆ. ಉದಾಹರಣೆಗಳು ಲಂಡನ್ನಿನವಾದರೂ ಬ್ರಿಟನ್ನಿನ ಬೇರೆ ಊರುಗಳಲ್ಲಿಯೂ ಗ್ರಂಥಾಲಯ, ಚರ್ಚ್ ಹಾಲ್, ವಸ್ತುಸಂಗ್ರಹಾಲಯಗಳ ವ್ಯವಸ್ಥೆ ಬಹುಮಟ್ಟಿಗೆ ಇದೇ ರೀತಿಯಲ್ಲಿದೆ.

ಮೊದಲು ಕಷ್ಟ ಎಲ್ಲಿದೆ ಎಂಬುದನ್ನು ಸರಿಯಾಗಿ ಗುರುತಿಸಿಕೊಳ್ಳಬೇಕು. ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ಆಗುಂಬೆಯಲ್ಲಿ ಅದು 7000 ಮಿಲಿಮೀಟರನ್ನು ದಾಟುತ್ತದೆ. ಆದರೂ ಮಲೆನಾಡಿನ ಮಕ್ಕಳು ಆ ಜಡಿಮಳೆಯ ತಿಂಗಳುಗಳನ್ನು ಜಗಲಿಯ ಮೇಲೆ ಸುಖವಾಗಿ ಕಳೆಯುತ್ತಾರೆ. ಜಗಲಿಯಲ್ಲಿ ತಲೆಯ ಮೇಲೆ ಸೂರಿರುತ್ತದೆ, ಓಡಲು ಜಾಗವಿರುತ್ತದೆ, ಬಂದು ಹೋಗುವವರ ಮುಖಗಳಿರುತ್ತವೆ. ಇಲ್ಲಿನ ಫ್ಲಾಟಿಗೆ ಜಗಲಿ ಇಲ್ಲ. ಅದರ ಜೊತೆಗೆ ಡಿಸೆಂಬರ್ ತಿಂಗಳಿನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ಹಗಲು ಎಂಟು ಗಂಟೆಯೂ ಇರುವುದಿಲ್ಲ, ಸೋನೆ ಮಳೆಗೆ ಚಳಿ ಸೇರಿಕೊಳ್ಳುತ್ತದೆ. ಆದ್ದರಿಂದ ನೀವು ಹುಡುಕಬೇಕಾದದ್ದು ಮೊದಲು ಒಂದು ಜಗಲಿಯನ್ನು, ಆಮೇಲೆ ಆಟಗಳ ಪಟ್ಟಿಯನ್ನು. ಈ ಹುಡುಕಾಟವನ್ನು ಮಳೆ ಬಂದ ದಿನ ಬೆಳಗ್ಗೆ ಫೋನು ಹಿಡಿದು ಆರಂಭಿಸಿದರೆ, ಸ್ಥಳ ಸಿಗುವ ಹೊತ್ತಿಗೆ ಅಲ್ಲಿನ ಕಾರ್ಯಕ್ರಮ ಮುಗಿದಿರುತ್ತದೆ. ಬಿಡುವಿರುವ ಒಂದು ಭಾನುವಾರ ಕುಳಿತು ಇಡೀ ವಾರದ ಪಟ್ಟಿಯನ್ನು ಮಾಡಿಟ್ಟುಕೊಳ್ಳುವುದೇ ಇಡೀ ಕೆಲಸದ ಮುಕ್ಕಾಲು ಪಾಲು.

ಮುಂಚಿತವಾಗಿ ಬೇಕಾಗುವ ವಸ್ತುಗಳು

ತಳ್ಳುಗಾಡಿಗೆ ಸರಿಯಾಗಿ ಹೊಂದುವ ಪಾರದರ್ಶಕ ಮಳೆಹೊದಿಕೆ, ಮಗುವಿಗೆ ಪಡಲ್ ಸೂಟ್ (ಬಟ್ಟೆಯ ಮೇಲೆ ಕುತ್ತಿಗೆಯಿಂದ ಕಾಲಿನವರೆಗೆ ಹಾಕುವ ನೀರು ಹಿಡಿಯದ ಉಡುಪು), ರಬ್ಬರ್ ಬೂಟು, ಎರಡು ಜೊತೆ ಬದಲಿ ಬಟ್ಟೆ ಮತ್ತು ಒಂದು ಜೊತೆ ಹೆಚ್ಚುವರಿ ಕಾಲುಚೀಲ ಇದ್ದರೆ ಸಾಕು. ಇವನ್ನೆಲ್ಲ ಹೊಸದಾಗಿ ಕೊಳ್ಳುವ ಅಗತ್ಯವಿಲ್ಲ. ಬಡಾವಣೆಯ ಅಂಗಡಿ ಸಾಲುಗಳಲ್ಲಿರುವ ಚಾರಿಟಿ ಅಂಗಡಿಗಳಲ್ಲಿ, ಅಂದರೆ ದಾನವಾಗಿ ಬಂದ ವಸ್ತುಗಳನ್ನು ಮಾರಿ ಆ ಹಣವನ್ನು ಸೇವಾಕಾರ್ಯಕ್ಕೆ ಬಳಸುವ ಅಂಗಡಿಗಳಲ್ಲಿ, ಮಕ್ಕಳ ಉಡುಪುಗಳೂ ಆಟಿಕೆಗಳೂ ಒಳ್ಳೆಯ ಸ್ಥಿತಿಯಲ್ಲಿಯೇ ಸಿಗುತ್ತವೆ. ಕೈಯಲ್ಲಿ ಕೆಲವು ಒಂದು ಪೌಂಡಿನ ನಾಣ್ಯಗಳಿರಲಿ. ಗುಂಪುಗಳ ವಂತಿಗೆಗೂ ಈಜುಕೊಳದ ಬೀರುವಿಗೂ ಅವು ಬೇಕಾಗುತ್ತವೆ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಕಟ್ಟಡದೊಳಗೆ ಅಥವಾ ಬಸ್ಸಿನೊಳಗೆ ಹೋದ ತಕ್ಷಣ ಮಳೆಹೊದಿಕೆಯನ್ನು ತೆಗೆದುಬಿಡಿ, ಏಕೆಂದರೆ ಅದರೊಳಗೆ ಬಿಸಿ ಬೇಗನೆ ಏರುತ್ತದೆ ಮತ್ತು ನಿದ್ದೆ ಮಾಡುತ್ತಿರುವ ಮಗು ಅದನ್ನು ಹೇಳಲಾರದು. ಕಾರಿನಲ್ಲಿ ಹೋಗುವವರು ದಪ್ಪ ಹತ್ತಿ ತುಂಬಿದ ಕೋಟಿನ ಮೇಲೆ ಸೀಟಿನ ಪಟ್ಟಿಯನ್ನು ಬಿಗಿಯಬಾರದು. ಕೋಟನ್ನು ತೆಗೆದು ಪಟ್ಟಿ ಬಿಗಿದು, ಆಮೇಲೆ ಅದರ ಮೇಲಿನಿಂದ ಹೊದಿಕೆ ಹೊದಿಸಬೇಕು.

ಹಂತ 1: ದಿನವನ್ನು ಮೂರು ತುಂಡು ಮಾಡಿಕೊಳ್ಳಿ

ಈ ವಯಸ್ಸಿನ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಓಡಾಟ ಮತ್ತು ಆಟದಲ್ಲಿರಬೇಕು ಎಂಬುದು ಬ್ರಿಟನ್ನಿನ ಮುಖ್ಯ ವೈದ್ಯಾಧಿಕಾರಿಗಳು 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿ. ಮೂರು ಗಂಟೆ ಎಂದ ಕೂಡಲೇ ಎದೆಗುಂದಬೇಕಾಗಿಲ್ಲ, ಅದು ಇಡೀ ದಿನದಲ್ಲಿ ಚೂರುಚೂರಾಗಿ ಹಂಚಿಹೋಗುವ ಲೆಕ್ಕ. ಬೆಳಗ್ಗೆ ಒಂಬತ್ತೂವರೆಯಿಂದ ಹನ್ನೆರಡರವರೆಗೆ ಹೊರಗಿನ ಒಂದು ಜಾಗ, ಮಧ್ಯಾಹ್ನ ಊಟ ಮತ್ತು ನಿದ್ದೆ, ಸಂಜೆ ಮೂರರಿಂದ ಆರರವರೆಗೆ ಮನೆಯೊಳಗಿನ ಆಟ ಎಂದು ಇಟ್ಟುಕೊಂಡರೆ ಹೆಚ್ಚಿನ ಮಕ್ಕಳಿಗೆ ಹೊಂದುತ್ತದೆ. ಮಳೆ ಎಷ್ಟೇ ಇರಲಿ, ಬೆಳಗಿನ ಹೊತ್ತು ಒಮ್ಮೆ ಮನೆಯಿಂದ ಹೊರಬೀಳುವುದನ್ನು ತಪ್ಪಿಸಬೇಡಿ. ಬೆಳಗ್ಗೆ ಹೊರಗೆ ಹೋಗಿ ಬಂದ ಮಗು ಮಧ್ಯಾಹ್ನ ಚೆನ್ನಾಗಿ ಮಲಗುತ್ತದೆ, ಹೊರಗೆ ಹೋಗಿ ಬಂದ ತಾಯಿಯೂ ಒಬ್ಬರ ಜೊತೆಗಾದರೂ ನಾಲ್ಕು ಮಾತನಾಡಿರುತ್ತಾಳೆ. ಎರಡನೆಯದು ಸಣ್ಣ ವಿಷಯವೆಂದು ನಾನು ಒಪ್ಪುವುದಿಲ್ಲ.

ಹಂತ 2: ನಿಮ್ಮ ಬಡಾವಣೆಯ ವಾರದ ಪಟ್ಟಿಯನ್ನು ತಯಾರಿಸಿ

ಲಂಡನ್ ಒಂದೇ ನಗರವಾಗಿ ಕಂಡರೂ ಆಡಳಿತದ ದೃಷ್ಟಿಯಿಂದ 32 ಬರೋಗಳಾಗಿ, ಅವುಗಳ ಜೊತೆಗೆ ಹಳೆಯ ಸಿಟಿ ಆಫ್ ಲಂಡನ್ ಆಗಿ ಹಂಚಿಕೊಂಡಿದೆ. ಪ್ರತಿ ಬರೋಗೂ ಒಂದು ಕೌನ್ಸಿಲ್, ಅಂದರೆ ನಮ್ಮ ನಗರಸಭೆಯಂಥ ಸ್ಥಳೀಯ ಆಡಳಿತ ಇರುತ್ತದೆ. ನಿಮ್ಮ ಕೌನ್ಸಿಲಿನ ಜಾಲತಾಣದಲ್ಲಿ ಗ್ರಂಥಾಲಯ, ಚಿಲ್ಡ್ರನ್ಸ್ ಸೆಂಟರ್ ಮತ್ತು ಫ್ಯಾಮಿಲಿ ಹಬ್ ಎಂಬ ಮೂರು ಪುಟಗಳನ್ನು ತೆರೆದು ವಾರದ ವೇಳಾಪಟ್ಟಿಯನ್ನು ಬರೆದುಕೊಳ್ಳಿ. ಕೊನೆಯ ಎರಡು ಹೆಸರುಗಳು ಮಕ್ಕಳಿರುವ ಕುಟುಂಬಗಳಿಗಾಗಿ ಕೌನ್ಸಿಲ್ ನಡೆಸುವ ಕೇಂದ್ರಗಳಿಗೆ ಸೇರಿದವು. ಚರ್ಚ್ ಹಾಲ್‌ಗಳಲ್ಲಿ ಸ್ವಯಂಸೇವಕರು ನಡೆಸುವ ಗುಂಪುಗಳು ಜಾಲತಾಣಗಳಲ್ಲಿ ಸಿಗುವುದು ಕಡಿಮೆ. ಹಾಲ್‌ನ ಬಾಗಿಲಿಗೆ ಅಂಟಿಸಿದ ಕಾಗದವನ್ನೇ ಓದಬೇಕು. ಮಗುವಿನ ಬೆಳವಣಿಗೆಯನ್ನು ನೋಡಲು ಬರುವ ಹೆಲ್ತ್ ವಿಸಿಟರ್ (ಸಣ್ಣ ಮಕ್ಕಳ ಆರೋಗ್ಯಕ್ಕಾಗಿಯೇ ತರಬೇತಿ ಪಡೆದ ನರ್ಸ್) ಅವರನ್ನು ಕೇಳಿದರೆ, ಹತ್ತಿರದಲ್ಲಿ ಯಾವ ಗುಂಪು ಚೆನ್ನಾಗಿ ನಡೆಯುತ್ತಿದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಪಟ್ಟಿ ಮಾಡುವಾಗ ಮೂರು ಪದಗಳ ಅರ್ಥ ತಿಳಿದಿರಲಿ. ‘ಡ್ರಾಪ್ ಇನ್’ ಎಂದರೆ ಮುಂಗಡ ಕಾಯ್ದಿರಿಸದೆ ನೇರವಾಗಿ ಹೋಗಬಹುದು. ‘ಸ್ಟೇ ಅಂಡ್ ಪ್ಲೇ’ ಎಂದರೆ ಮಗುವನ್ನು ಬಿಟ್ಟು ಹೋಗುವ ಜಾಗವಲ್ಲ. ನೀವೂ ಅಲ್ಲಿಯೇ ಇದ್ದು ಆಡಿಸಬೇಕು. ‘ಟರ್ಮ್ ಟೈಮ್ ಓನ್ಲಿ’ ಎಂದರೆ ಶಾಲೆಗಳು ನಡೆಯುವ ವಾರಗಳಲ್ಲಿ ಮಾತ್ರ. ಹೊಸಬರು ಹೆಚ್ಚಾಗಿ ಎಡವುವುದು ಈ ಮೂರನೆಯದರಲ್ಲಿ. ಅಕ್ಟೋಬರ್ ಕೊನೆ, ಫೆಬ್ರವರಿ ನಡುಭಾಗ ಮತ್ತು ಮೇ ಕೊನೆಯಲ್ಲಿ ಬರುವ ಒಂದೊಂದು ವಾರದ ಹಾಫ್ ಟರ್ಮ್ ರಜೆ, ಕ್ರಿಸ್‌ಮಸ್ ಮತ್ತು ಈಸ್ಟರ್ ರಜೆಗಳಲ್ಲಿ ಇಂಥ ಗುಂಪುಗಳು ಮುಚ್ಚಿರುತ್ತವೆ. ನಾನೂ ಮೊದಲ ವರ್ಷ ಫೆಬ್ರವರಿಯ ಮಳೆಯಲ್ಲಿ ಮಗುವನ್ನು ತಳ್ಳಿಕೊಂಡು ಹೋಗಿ ಬೀಗ ಹಾಕಿದ ಬಾಗಿಲನ್ನು ನೋಡಿ ಮರಳಿದ್ದೇನೆ. ಕೌನ್ಸಿಲಿನ ಶಾಲಾ ರಜೆಗಳ ದಿನಾಂಕಗಳನ್ನು ಪಟ್ಟಿಯ ತಲೆಯಲ್ಲಿಯೇ ಬರೆದಿಡಿ.

ಇನ್ನೊಂದು ಸಂದೇಹ ಪದೇಪದೇ ಬರುತ್ತದೆ. ವೀಸಾದ ಮೇಲೆ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’ ಎಂಬ ಷರತ್ತು ಇರುವವರು ಸರ್ಕಾರದ ಯಾವ ಸೌಲಭ್ಯವನ್ನೂ ಮುಟ್ಟಬಾರದೆಂದು ಭಾವಿಸಿ ಗ್ರಂಥಾಲಯಕ್ಕೂ ಹೋಗದೆ ಉಳಿದುಬಿಡುತ್ತಾರೆ. ಆ ಷರತ್ತು ಅನ್ವಯಿಸುವುದು ನಿಯಮದಲ್ಲಿ ಹೆಸರಿಸಿರುವ ನಿರ್ದಿಷ್ಟ ಭತ್ಯೆಗಳಿಗೆ ಮತ್ತು ವಸತಿ ನೆರವಿಗೆ. ಗ್ರಂಥಾಲಯದ ಸದಸ್ಯತ್ವ ಆ ಪಟ್ಟಿಯಲ್ಲಿಲ್ಲ, ಮಕ್ಕಳ ಆಟದ ಗುಂಪಿಗೆ ಹೋಗಿ ಕೂರುವುದೂ ಇಲ್ಲ. ಧೈರ್ಯವಾಗಿ ಹೋಗಿ.

ಹಂತ 3: ಗ್ರಂಥಾಲಯದಿಂದ ಆರಂಭಿಸಿ

ಎಲ್ಲಕ್ಕಿಂತ ಮೊದಲ ಜಗಲಿ ಇದೇ. ಇಲ್ಲಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಮಕ್ಕಳ ವಿಭಾಗಕ್ಕೆ ನೆಲಹಾಸು, ಮೋಟು ಕುರ್ಚಿ, ರಟ್ಟಿನ ಪುಸ್ತಕಗಳ ಬುಟ್ಟಿ ಎಲ್ಲವೂ ಇರುತ್ತವೆ. ಮಗು ಗದ್ದಲ ಮಾಡಿದರೆ ಯಾರೂ ಕಣ್ಣು ಕೆಂಪಗೆ ಮಾಡುವುದಿಲ್ಲ. ಹುಟ್ಟಿದ ಮಗುವಿಗೂ ಉಚಿತವಾಗಿ ಸದಸ್ಯತ್ವ ಕೊಡುತ್ತಾರೆ. ವಿಳಾಸದ ಪುರಾವೆಯೊಂದನ್ನು ಜೊತೆಗೆ ಒಯ್ಯಿರಿ. ಮಕ್ಕಳ ಪುಸ್ತಕ ತಡವಾದರೆ ದಂಡ ಹಾಕದ ಕೌನ್ಸಿಲುಗಳು ಹಲವಿವೆ. ಸೇರುವಾಗಲೇ ಇದನ್ನು ಕೇಳಿಕೊಳ್ಳಿ.

ಬಹುತೇಕ ಶಾಖೆಗಳಲ್ಲಿ ವಾರಕ್ಕೊಮ್ಮೆಯಾದರೂ ‘ರೈಮ್ ಟೈಮ್’ ನಡೆಯುತ್ತದೆ. ಗ್ರಂಥಪಾಲಕರು ಅರ್ಧ ಗಂಟೆ ಶಿಶುಗೀತೆಗಳನ್ನು ಹಾಡುತ್ತಾರೆ, ಮಕ್ಕಳು ಗಿಲಕಿ ಅಲ್ಲಾಡಿಸುತ್ತಾರೆ, ತಾಯಿತಂದೆಯರು ದನಿಗೂಡಿಸುತ್ತಾರೆ. ಇಂಗ್ಲಿಷ್ ಶಿಶುಗೀತೆಗಳು ಬರುವುದಿಲ್ಲ ಎಂಬ ಸಂಕೋಚ ಬೇಡ. ವಾರವಾರವೂ ಅವೇ ಹತ್ತು ಹದಿನೈದು ಹಾಡುಗಳು ಸುತ್ತಿ ಬರುವುದರಿಂದ ಒಂದು ತಿಂಗಳಲ್ಲಿ ಬಾಯಿಪಾಠವಾಗುತ್ತವೆ. ಮೂರು ಸಂಗತಿಗಳನ್ನು ಗಮನಿಸಿ. ಸಣ್ಣ ಶಾಖೆಗಳು ವಾರದಲ್ಲಿ ಒಂದೆರಡು ದಿನ ಮುಚ್ಚಿರುತ್ತವೆ. ಕೆಲವೆಡೆ ಸ್ಥಳದ ಮಿತಿ ಇರುವುದರಿಂದ ಮಳೆಯ ದಿನ ಕಾಲು ಗಂಟೆ ಮೊದಲೇ ಹೋಗಬೇಕಾಗುತ್ತದೆ. ಹಾಡು ಮುಗಿದ ತಕ್ಷಣ ಓಡಿಬರಬೇಡಿ: ಎಲ್ಲರೂ ಕೋಟು ಹಾಕಿಸುತ್ತಾ ನಿಂತಿರುವ ಆ ಹತ್ತು ನಿಮಿಷಗಳಲ್ಲಿಯೇ ಪರಿಚಯಗಳು ಆಗುವುದು.

ಕನ್ನಡದ ಮಕ್ಕಳ ಪುಸ್ತಕಗಳು ಇಲ್ಲಿನ ಶಾಖೆಗಳಲ್ಲಿ ಸಿಗುವುದು ಅಪರೂಪ. ಊರಿಗೆ ಹೋದಾಗ ಹತ್ತು ಚಿತ್ರಪುಸ್ತಕಗಳನ್ನು ತಂದಿಟ್ಟುಕೊಳ್ಳಿ. ಅದು ಸಾಧ್ಯವಾಗದಿದ್ದರೆ ಇಂಗ್ಲಿಷ್ ಚಿತ್ರಪುಸ್ತಕದ ಚಿತ್ರಗಳನ್ನೇ ತೋರಿಸುತ್ತಾ ಕಥೆಯನ್ನು ಕನ್ನಡದಲ್ಲಿ ಹೇಳಿ. ಓದಲು ಬಾರದ ಮಗುವಿಗೆ ಅಕ್ಷರ ಯಾವ ಭಾಷೆಯದೆಂಬುದು ಲೆಕ್ಕಕ್ಕಿಲ್ಲ.

ಹಂತ 4: ಆಟದ ಗುಂಪಿಗೆ ಹೋಗುವಾಗ

ಸ್ಟೇ ಅಂಡ್ ಪ್ಲೇ ಗುಂಪುಗಳು ಸಾಮಾನ್ಯವಾಗಿ ಬೆಳಗ್ಗೆ ಒಂದೂವರೆಯಿಂದ ಎರಡು ಗಂಟೆ ನಡೆಯುತ್ತವೆ. ಕೌನ್ಸಿಲಿನ ಕೇಂದ್ರಗಳಲ್ಲಿ ಹೆಚ್ಚಾಗಿ ಉಚಿತ. ಚರ್ಚ್ ಹಾಲುಗಳಲ್ಲಿ ಚಹಾ ಮತ್ತು ಮಕ್ಕಳ ತಿಂಡಿಯ ಖರ್ಚಿಗೆಂದು ಸಣ್ಣ ವಂತಿಗೆ ಪಡೆಯುತ್ತಾರೆ. ಚರ್ಚಿನ ಹಾಲಿನಲ್ಲಿ ನಡೆಯುತ್ತದೆ ಎಂಬ ಕಾರಣಕ್ಕೆ ಹಿಂಜರಿಯುವವರಿದ್ದಾರೆ. ಅಲ್ಲಿಗೆ ಎಲ್ಲ ಧರ್ಮದವರೂ ಬರುತ್ತಾರೆ, ಮತ್ತು ಆ ಹಾಲ್ ನಮ್ಮೂರಿನ ಸಮುದಾಯ ಭವನದಂತೆ ಬಳಕೆಯಾಗುತ್ತದೆ.

ಸಸ್ಯಾಹಾರಿ ಕುಟುಂಬದವರು ತಿಂಡಿಯ ಬಗ್ಗೆ ಮೊದಲ ದಿನವೇ ಹೇಳಿಬಿಡಿ. ಜೆಲ್ಲಿ ಮಿಠಾಯಿಗಳಲ್ಲಿ ಪ್ರಾಣಿಜನ್ಯ ಜೆಲಟಿನ್ ಇರುವುದು ಸಾಮಾನ್ಯ, ಆದರೆ ಕೊಡುವವರಿಗೆ ಅದು ನಿಮಗೆ ವರ್ಜ್ಯವೆಂದು ತೋಚಿರುವುದಿಲ್ಲ. ಮನೆಯಿಂದ ತಿಂಡಿ ಒಯ್ಯುವಾಗ ಶೇಂಗಾ, ಗೋಡಂಬಿಗಳನ್ನು ಬಿಡಿ. ಬೇರೆ ಮಕ್ಕಳಿಗೆ ಅಲರ್ಜಿ ಇರಬಹುದು. ಅಲ್ಲದೆ ಐದು ವರ್ಷದೊಳಗಿನ ಮಕ್ಕಳಿಗೆ ಇಡಿಯ ಬೀಜಗಳು ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆಂದು ಎನ್.ಎಚ್.ಎಸ್., ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ, ಸ್ಪಷ್ಟವಾಗಿ ಎಚ್ಚರಿಸುತ್ತದೆ. ದ್ರಾಕ್ಷಿಯನ್ನು ಉದ್ದುದ್ದಕ್ಕೆ ನಾಲ್ಕು ಹೋಳು ಮಾಡಿಯೇ ಕೊಡಬೇಕು. ಮಗುವಿಗೆ ವಾಂತಿ ಭೇದಿ ಆಗಿದ್ದರೆ, ಅದು ಪೂರ್ತಿ ನಿಂತು 48 ಗಂಟೆ ಕಳೆಯುವವರೆಗೆ ಯಾವ ಗುಂಪಿಗೂ ಕರೆದೊಯ್ಯಬೇಡಿ. ಚಳಿಗಾಲದಲ್ಲಿ ಹರಡುವ, ವಾಂತಿ ಭೇದಿ ತರುವ ನೊರೊವೈರಸ್‌ಗೆ ಕೈಗೆ ಹಚ್ಚುವ ಆಲ್ಕೊಹಾಲ್ ಜೆಲ್ ನಾಟುವುದಿಲ್ಲ, ಸೋಪು ನೀರಿನಿಂದಲೇ ಕೈ ತೊಳೆಯಬೇಕು.

ಹಂತ 5: ವಾರಕ್ಕೊಂದು ದೊಡ್ಡ ಪ್ರವಾಸ

ಬ್ರಿಟನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳಿಗೆ 2001ರ ಡಿಸೆಂಬರ್‌ನಿಂದ ಪ್ರವೇಶ ಉಚಿತವಾಗಿದೆ. ಟಿಕೆಟಿಗೆ ಹಣ ಕೊಟ್ಟಿಲ್ಲವಾದ್ದರಿಂದ ಮಗು ಅಳಲಾರಂಭಿಸಿದರೆ ನಲವತ್ತು ನಿಮಿಷಕ್ಕೇ ಹೊರಟು ಬರಬಹುದು. ಈ ಅನುಕೂಲವನ್ನು ಪೂರ್ತಿಯಾಗಿ ಬಳಸಿಕೊಳ್ಳಿ: ಎಲ್ಲವನ್ನೂ ನೋಡುವ ಹಂಬಲ ಬೇಡ, ಒಂದು ಸಲಕ್ಕೆ ಒಂದು ಕೋಣೆ ಸಾಕು.

ಪುಟ್ಟ ಮಕ್ಕಳಿಗೆ ನಾನು ಮೊದಲು ಹೇಳುವುದು ಬೆತ್ನಲ್ ಗ್ರೀನ್‌ನಲ್ಲಿರುವ ಯಂಗ್ ವಿ ಅಂಡ್ ಎ. ಹಿಂದೆ ಬಾಲ್ಯದ ವಸ್ತುಸಂಗ್ರಹಾಲಯವಾಗಿದ್ದ ಇದು ಪೂರ್ತಿ ನವೀಕರಣಗೊಂಡು 2023ರ ಜುಲೈನಲ್ಲಿ ಮತ್ತೆ ತೆರೆಯಿತು. ಇನ್ನೂ ನಡೆಯದ ಮತ್ತು ಆಗಷ್ಟೇ ನಡೆಯುತ್ತಿರುವ ಮಕ್ಕಳಿಗಾಗಿಯೇ ಅದರಲ್ಲಿ ಮುಟ್ಟಿ ಆಡುವ ಒಂದು ಭಾಗವಿದೆ. ದಕ್ಷಿಣ ಕೆನ್ಸಿಂಗ್ಟನ್‌ನ ವಿಜ್ಞಾನ ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ‘ದ ಗಾರ್ಡನ್’ ಎಂಬ ಆಟದ ಜಾಗವಿದೆ. ಅದು ಮೂರರಿಂದ ಆರು ವರ್ಷದವರಿಗೆಂದು ರೂಪಿಸಿದ್ದು, ನೀರಿನ ಆಟವೇ ಅಲ್ಲಿನ ದೊಡ್ಡ ಆಕರ್ಷಣೆಯಾದ್ದರಿಂದ ಬದಲಿ ಬಟ್ಟೆ ಮರೆಯಬೇಡಿ. ಓಡುವುದೊಂದೇ ಬೇಕು ಎನ್ನುವ ಮಗುವಿಗೆ ಟೇಟ್ ಮಾಡರ್ನ್ ಕಲಾಸಂಗ್ರಹಾಲಯದ ಟರ್ಬೈನ್ ಹಾಲ್ ಒಳ್ಳೆಯದು; ಹಿಂದೆ ವಿದ್ಯುತ್ ಸ್ಥಾವರವಾಗಿದ್ದ ಆ ಕಟ್ಟಡದ ಒಳಗೆ ಇಳಿಜಾರಾದ ವಿಶಾಲ ನೆಲವಿದೆ. ಕಾವೆಂಟ್ ಗಾರ್ಡನ್‌ನ ಲಂಡನ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಮ್ಮಿನಲ್ಲಿ ದೊಡ್ಡವರಿಗೆ ಶುಲ್ಕವಿದೆ, ಆದರೆ ಒಂದು ಟಿಕೆಟ್ ವರ್ಷವಿಡೀ ನಡೆಯುತ್ತದೆ ಮತ್ತು ಮಕ್ಕಳಿಗೆ ಉಚಿತ. ಬಸ್ಸು ರೈಲುಗಳ ಹುಚ್ಚಿರುವ ಮಗುವಿದ್ದರೆ ನಾಲ್ಕು ಮಳೆಯ ದಿನಗಳಲ್ಲಿ ಆ ಹಣ ಹುಟ್ಟುತ್ತದೆ.

ಪ್ರಯಾಣದ ಬಗ್ಗೆ ಕೆಲವು ಮಾತು. ಐದು ವರ್ಷದೊಳಗಿನ ಮಕ್ಕಳಿಗೆ ಬಸ್ಸಿನಲ್ಲಿಯೂ ಭೂಗತ ರೈಲಿನಲ್ಲಿಯೂ ಟಿಕೆಟ್ ಇಲ್ಲ. ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಿಸಿದರೂ ದೊಡ್ಡವರಿಗೆ ಒಂದೇ ಸಲದ ದರ ಬೀಳುತ್ತದೆ. ಆದುದರಿಂದ ಮಳೆ ಬೀಳುವಾಗ ಬಸ್ಸಿನ ಕಿಟಕಿಯ ಪಕ್ಕದಲ್ಲಿ ಕೂರುವುದನ್ನೇ ಒಂದು ಆಟವಾಗಿ ಮಾಡಬಹುದು. ಬಸ್ಸಿನಲ್ಲಿ ತಳ್ಳುಗಾಡಿ ನಿಲ್ಲಿಸುವ ಜಾಗ ಗಾಲಿಕುರ್ಚಿಯವರಿಗೆ ಮೀಸಲಾದದ್ದು. ಅವರು ಬಂದರೆ ಗಾಡಿಯನ್ನು ಮಡಚಿಕೊಳ್ಳಬೇಕು. ಭೂಗತ ರೈಲಿಗೆ ಹೊರಡುವ ಮುನ್ನ ನಕ್ಷೆಯಲ್ಲಿ ಗಾಲಿಕುರ್ಚಿಯ ಗುರುತಿರುವ ನಿಲ್ದಾಣಗಳನ್ನು, ಅಂದರೆ ಮೆಟ್ಟಿಲು ಹತ್ತದೆ ಹೋಗಬಹುದಾದವನ್ನು, ನೋಡಿಕೊಳ್ಳಿ. ಬೆತ್ನಲ್ ಗ್ರೀನ್ ಭೂಗತ ನಿಲ್ದಾಣದಲ್ಲಿ ಆ ಸೌಕರ್ಯವಿಲ್ಲ. ಕಾವೆಂಟ್ ಗಾರ್ಡನ್‌ನಲ್ಲಿ ಲಿಫ್ಟಿನ ಸಾಲು ಉದ್ದವಿದೆಯೆಂದು ಮೆಟ್ಟಿಲು ಹಿಡಿದರೆ 193 ಮೆಟ್ಟಿಲು ಹತ್ತಬೇಕಾಗುತ್ತದೆ. ಇಂಥ ಜಾಗಗಳಿಗೆ ಬಸ್ಸೇ ವಾಸಿ, ಇಲ್ಲವಾದರೆ ಮಗುವನ್ನು ಬಟ್ಟೆಯ ಜೋಳಿಗೆಯಲ್ಲಿ ಕಟ್ಟಿಕೊಂಡು ಹೋಗಬೇಕು. ಹಾಫ್ ಟರ್ಮ್ ವಾರದಲ್ಲಿ ದಕ್ಷಿಣ ಕೆನ್ಸಿಂಗ್ಟನ್ ಕಡೆಗೆ ತಲೆ ಹಾಕಬೇಡಿ. ಮಳೆಯಲ್ಲಿ ಹೊರಗಿನ ಸಾಲಿನಲ್ಲಿಯೇ ಬೆಳಗು ಕಳೆದುಹೋಗುತ್ತದೆ.

ಹಂತ 6: ಸಾಫ್ಟ್ ಪ್ಲೇ ಮತ್ತು ಈಜುಕೊಳ

ಸಾಫ್ಟ್ ಪ್ಲೇ ಎಂದರೆ ಸ್ಪಂಜು ತುಂಬಿದ ದಿಂಬುಗಳು, ಜಾರುಬಂಡೆ, ಚೆಂಡುಗಳ ಕುಳಿ ಇರುವ ಶುಲ್ಕದ ಆಟದ ಮನೆ. ತಿಂಗಳಿಗೆ ಒಂದೆರಡು ಸಲ ಸಾಕು ಎಂಬುದು ನನ್ನ ಅಭಿಪ್ರಾಯ; ಗದ್ದಲ ಹೆಚ್ಚು, ಖರ್ಚೂ ಆಗುತ್ತದೆ. ಶಾಲೆಯ ದಿನಗಳಲ್ಲಿ ಬೆಳಗ್ಗೆಯೇ ಹೋಗಿ, ಕಾಲುಚೀಲ ಹಾಕಿಸಿ, ಚಿಕ್ಕ ಮಕ್ಕಳಿಗೆಂದು ಬೇರ್ಪಡಿಸಿದ ಭಾಗದಲ್ಲಿಯೇ ಇರಿಸಿಕೊಳ್ಳಿ. ಕೌನ್ಸಿಲಿನ ಈಜುಕೊಳಗಳಲ್ಲಿ ಹಲವೆಡೆ ಮಕ್ಕಳಿಗೆಂದು ಬೆಚ್ಚಗಿನ ಚಿಕ್ಕ ಕೊಳ ಇರುತ್ತದೆ. ಈಜಿಗೆಂದೇ ಮಾಡಿದ ನ್ಯಾಪಿ ಬೇಕು, ಮಾಮೂಲಿ ನ್ಯಾಪಿ ನೀರು ಕುಡಿದು ಉಬ್ಬಿಬಿಡುತ್ತದೆ. ನೀರಿನಿಂದ ಎದ್ದ ಮೇಲೆ ತಲೆ ಒಣಗಿಸಿ ಟೋಪಿ ಹಾಕಿಯೇ ಹೊರಗೆ ಬನ್ನಿ.

ಹಂತ 7: ಮಧ್ಯಾಹ್ನದ ನಂತರ, ಮನೆಯೊಳಗೆ

ಬೇಗನೆ ಕತ್ತಲಾಗುವ ಈ ಮೂರು ಗಂಟೆಗಳೇ ಎಲ್ಲರಿಗೂ ಕಷ್ಟವಾಗುವುದು. ಇದಕ್ಕೆ ಹೊಸ ಆಟಿಕೆಗಳಿಗಿಂತ ನಮ್ಮ ಅಡುಗೆಮನೆಯೇ ಹೆಚ್ಚು ಒದಗಿಬರುತ್ತದೆ. ಆದರೆ ಮೊದಲು ಮನೆಯನ್ನು ಒಮ್ಮೆ ನೆಲದ ಮಟ್ಟದಿಂದ ನೋಡಿ. ಕಿಟಕಿಯ ಪರದೆಯ ದಾರಗಳು ಮಗುವಿನ ಕೊರಳಿಗೆ ಎಟುಕದಂತೆ ಮೇಲೆ ಕಟ್ಟಿರಬೇಕು. ರೇಡಿಯೇಟರ್, ಅಂದರೆ ಬಿಸಿನೀರು ಹರಿದು ಕೋಣೆಯನ್ನು ಬೆಚ್ಚಗಿಡುವ ಗೋಡೆಯ ಕಬ್ಬಿಣದ ಪೆಟ್ಟಿಗೆ, ಮುಟ್ಟಿದರೆ ಸುಡುವಷ್ಟು ಕಾದಿರಬಹುದು. ಹಾಡುವ ಅಗ್ಗದ ಆಟಿಕೆಗಳಲ್ಲಿರುವ ಗುಂಡಿಯಂಥ ಬ್ಯಾಟರಿಯನ್ನು ಮಗು ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಟ್ಟುಹೋಗುತ್ತದೆ. ಸಂಶಯ ಬಂದರೂ ಸಾಕು, ಕಾಯದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಟಾಯ್ಲೆಟ್ ಪೇಪರಿನ ರಟ್ಟಿನ ಕೊಳವೆಯೊಳಗೆ ತೂರುವ ಯಾವ ವಸ್ತುವನ್ನೂ ಮೂರು ವರ್ಷದೊಳಗಿನ ಮಗುವಿಗೆ ಆಡಲು ಕೊಡಬೇಡಿ. ಚೆನ್ನೆಮಣೆಯ ಹುಣಸೆ ಬೀಜ, ಕಡಲೆ, ಬಟಾಣಿ ಎಲ್ಲವೂ ಈ ಲೆಕ್ಕದಲ್ಲಿ ಹೊರಗುಳಿಯುತ್ತವೆ. ಮೂಗಿಗೆ ಸೇರಿಸಿಕೊಂಡ ಕಾಳು ಒಳಗೆ ನೆನೆದು ಉಬ್ಬುತ್ತದೆ.

ಪಾತ್ರೆಗಳಿಂದ ಆರಂಭಿಸಿ. ಒಂದಕ್ಕಿಂತ ಒಂದು ಚಿಕ್ಕದಾದ ಸ್ಟೀಲ್ ಡಬ್ಬಿಗಳು, ಮುಚ್ಚಳಗಳು, ಸೌಟು, ಜರಡಿ ಇವಿಷ್ಟನ್ನು ಹಾಸಿನ ಮೇಲೆ ಇಟ್ಟರೆ ಒಂದೂವರೆ ವರ್ಷದ ಮಗು ಅರ್ಧ ಗಂಟೆ ತಲೆಯೆತ್ತುವುದಿಲ್ಲ. ಯಾವ ಮುಚ್ಚಳ ಯಾವ ಡಬ್ಬಿಗೆ ಎಂದು ಹುಡುಕುವುದು ಅದಕ್ಕೆ ದೊಡ್ಡ ಲೆಕ್ಕ. ಇಡ್ಲಿ ತಟ್ಟೆ ಇನ್ನೂ ಒಳ್ಳೆಯದು. ಮೇಲೆ ಹೇಳಿದ ರಟ್ಟಿನ ಕೊಳವೆಯಲ್ಲಿ ತೂರದಷ್ಟು ದೊಡ್ಡ ಉಂಡೆಗಳನ್ನು ಬಟ್ಟೆಯಲ್ಲಿ ಕಟ್ಟಿ ಹೊಲಿದುಕೊಟ್ಟರೆ, ಒಂದೊಂದು ಕುಳಿಗೂ ಒಂದೊಂದನ್ನು ಇಡುತ್ತಾ ಮಗು ತಾನಾಗಿಯೇ ಎಣಿಕೆಗೆ ಇಳಿಯುತ್ತದೆ.

ಚಪಾತಿ ಹಿಟ್ಟನ್ನು ಉಪ್ಪು ಹಾಕದೆ ಕಲಸಿ, ಮಣೆ ಮತ್ತು ಲಟ್ಟಣಿಗೆಯ ಸಹಿತ ಕೊಡಿ. ಅಂತರ್ಜಾಲದಲ್ಲಿ ಸಿಗುವ ‘ಸಾಲ್ಟ್ ಡೋ’ ಎಂಬ ವಿಪರೀತ ಉಪ್ಪಿನ ಹಿಟ್ಟನ್ನು ಇನ್ನೂ ಎಲ್ಲವನ್ನೂ ಬಾಯಿಗಿಡುವ ಮಗುವಿಗೆ ಖಂಡಿತ ಕೊಡಬೇಡಿ. ಅದನ್ನು ನುಂಗಿದರೆ ದೇಹದ ಉಪ್ಪಿನ ಮಟ್ಟ ಅಪಾಯಕಾರಿಯಾಗಿ ಏರುತ್ತದೆ. ಹಸಿ ಗೋಧಿಹಿಟ್ಟೂ ತಿನ್ನುವಂಥದ್ದಲ್ಲ, ಆದ್ದರಿಂದ ಪಕ್ಕದಲ್ಲಿಯೇ ಕುಳಿತಿರಿ, ಆಟವಾದ ಮೇಲೆ ಕೈ ತೊಳೆಸಿ. ಬಾಯಿಗೆ ಹಾಕುವುದನ್ನು ತಡೆಯಲಾಗದ ವಯಸ್ಸಾದರೆ ಬೇಯಿಸಿದ ಶಾವಿಗೆಯನ್ನು ಬೀಟ್‌ರೂಟಿನ ನೀರಿನಲ್ಲಿ ಅದ್ದಿ ತಣ್ಣಗಾಗಿಸಿ ತಟ್ಟೆಯಲ್ಲಿ ಹರಡಿಕೊಡಿ. ಹಿಂಡಿದರೂ, ಎಳೆದರೂ, ತಿಂದರೂ ತೊಂದರೆಯಿಲ್ಲ.

ಇಲ್ಲಿ ಬಾಡಿಗೆದಾರರಿಗೊಂದು ಕಿವಿಮಾತು. ಲಂಡನ್ನಿನ ಬಾಡಿಗೆ ಮನೆಗಳ ನೆಲಕ್ಕೆ ಬಿಳಿಚು ಬಣ್ಣದ ಕಾರ್ಪೆಟ್ ಅಂಟಿಸಿರುತ್ತಾರೆ. ಅದರ ಮೇಲೆ ಬಿದ್ದ ಅರಿಶಿನವೂ ಬೀಟ್‌ರೂಟೂ ಹೋಗುವುದಿಲ್ಲ, ಮನೆ ಬಿಡುವಾಗ ಠೇವಣಿಯಲ್ಲಿ ಆ ಹಣ ಕಡಿತವಾಗುತ್ತದೆ. ಬಣ್ಣದ ಆಟವನ್ನೆಲ್ಲ ನೀರಿಲ್ಲದ ಸ್ನಾನದ ತೊಟ್ಟಿಯೊಳಗೆ ಕೂರಿಸಿ ಆಡಿಸಿ; ಆಟ ಮುಗಿದ ಕೂಡಲೇ ಅಲ್ಲಿಯೇ ಸ್ನಾನವೂ ಆಗುತ್ತದೆ. ಮಿಕ್ಕದ್ದಕ್ಕೆ ಅಗಲವಾದ ಪ್ಲಾಸ್ಟಿಕ್ ಹಾಳೆಯೊಂದನ್ನು ಹಾಸಿಕೊಳ್ಳಿ.

ನೀರಿನ ಆಟಕ್ಕೆ ಸಮನಾದದ್ದು ಯಾವುದೂ ಇಲ್ಲ. ಅಗಲವಾದ ಬೋಗುಣಿಯಲ್ಲಿ ಎರಡು ಬೆರಳು ಎತ್ತರದಷ್ಟು ಉಗುರುಬೆಚ್ಚಗಿನ ನೀರು, ಎರಡು ಲೋಟ, ಒಂದು ಸ್ಪಂಜು ಮತ್ತು ಒಂದು ಚಮಚ ಸಾಕು. ಈ ಹೊತ್ತಿನಲ್ಲಿ ಮಗುವಿನೊಡನೆ ಕನ್ನಡದಲ್ಲಿಯೇ ಮಾತನಾಡಿ: ತುಂಬು, ಸುರಿ, ಹಿಂಡು, ಅದ್ದು, ತೇಲಿತು, ಮುಳುಗಿತು, ಚೆಲ್ಲಿತು. ಬೆಳಗಿನ ಜಾಗಗಳಲ್ಲೆಲ್ಲ ಮಗು ಕೇಳುವುದು ಇಂಗ್ಲಿಷನ್ನು. ಅದು ಹೇಗೂ ಬರುತ್ತದೆ. ಸಂಜೆಯ ಈ ಕ್ರಿಯಾಪದಗಳನ್ನು ನೀವಲ್ಲದೆ ಬೇರೆ ಯಾರೂ ಕೊಡಲಾರರು, ಆದ್ದರಿಂದ ಈ ಒಂದು ವಿಷಯದಲ್ಲಿ ನಾನು ಹಟ ಹಿಡಿದು ಹೇಳುತ್ತೇನೆ. ಎರಡು ಭಾಷೆ ಕೇಳಿದರೆ ಮಗುವಿಗೆ ಮಾತು ತಡವಾಗುತ್ತದೆಂಬ ಹೆದರಿಕೆ ಬೇಡ. ಮನೆಯಲ್ಲಿ ನಿಮ್ಮ ಭಾಷೆಯನ್ನೇ ಆಡಿ ಎಂದು ಇಲ್ಲಿನ ವಾಕ್ ತಜ್ಞರೂ ಸಲಹೆ ಕೊಡುತ್ತಾರೆ. ನೀರಿನ ಬಳಿ ಮಗುವನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬಾರದು. ಕೆಲವೇ ಸೆಂಟಿಮೀಟರ್ ಆಳದಲ್ಲಿಯೂ ಪುಟ್ಟ ಮಗು ಮುಳುಗಬಲ್ಲದು. ಬಾಗಿಲ ಗಂಟೆ ಬಾರಿಸಿದರೆ ಮಗುವನ್ನು ಎತ್ತಿಕೊಂಡೇ ಹೋಗಿ, ಆಟ ಮುಗಿದ ತಕ್ಷಣ ಬೋಗುಣಿಯನ್ನು ಬರಿದು ಮಾಡಿ.

ಮೈ ಬೆವರುವ ಆಟಗಳೂ ಬೇಕು. ನಮ್ಮ ಕೆರೆ-ದಡದ ಆಟ ಎರಡೂವರೆ ವರ್ಷದವರಿಗೆ ಚೆನ್ನಾಗಿ ಹೊಂದುತ್ತದೆ: ನೀಲಿ ಹೊದಿಕೆಯೊಂದನ್ನು ಹಾಸಿ ಅದನ್ನು ಕೆರೆ ಎನ್ನಿ, ಹೊರಗಿನದು ದಡ, ನೀವು ಕೂಗಿದ ಕಡೆಗೆ ಮಗು ಹಾರಬೇಕು. ಚಿಕ್ಕವರಿಗೆ ಉಪ್ಪುಮೂಟೆ, ಸೆರಗಿನ ಅಥವಾ ಪರದೆಯ ಹಿಂದೆ ಕಣ್ಣಾಮುಚ್ಚಾಲೆ, ದಿಂಬುಗಳ ಗುಡ್ಡ ಹತ್ತುವುದು, ಪಾರ್ಸೆಲ್ ಬಂದ ದೊಡ್ಡ ರಟ್ಟಿನ ಪೆಟ್ಟಿಗೆಯೊಳಗೆ ಕೂರಿಸಿ ಎಳೆಯುವುದು ಸಾಕಷ್ಟಾಯಿತು. ಹಳೆಯ ಕಟ್ಟಡಗಳ ಮರದ ನೆಲದಿಂದ ಸದ್ದು ಕೆಳಮನೆಗೆ ನೇರವಾಗಿ ಇಳಿಯುತ್ತದೆ. ಹಾರುವ ಆಟವನ್ನು ಸಂಜೆ ಆರರೊಳಗೆ, ಹಾಸಿಗೆಯ ಮೇಲೆ ಇಟ್ಟುಕೊಳ್ಳಿ, ಮತ್ತು ಕೆಳಗಿನವರಿಗೆ ಒಮ್ಮೆ ಮಗುವನ್ನು ಪರಿಚಯಿಸಿ ಬನ್ನಿ.

ಹೆಚ್ಚಿನ ಆಟಿಕೆಗಳನ್ನು ಕಣ್ಣಿಗೆ ಕಾಣದಂತೆ ಎತ್ತಿಟ್ಟು ವಾರಕ್ಕೆ ಐದಾರನ್ನು ಮಾತ್ರ ಹೊರಗೆ ಬಿಡಿ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಬೊಂಬೆಯೊಂದು ಎರಡು ವಾರ ಮಾಯವಾಗಿ ಮತ್ತೆ ಬಂದರೆ ಹೊಸದರಂತೆಯೇ ಸ್ವಾಗತ ಪಡೆಯುತ್ತದೆ.

ಹಂತ 8: ಅಜ್ಜಿಯ ಕರೆ ಮತ್ತು ಪರದೆಯ ಹೊತ್ತು

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದಂತೆ ಒಂದು ವರ್ಷದ ಮಗುವಿಗೆ ಕುಳಿತು ಪರದೆ ನೋಡುವುದು ಸೂಕ್ತವಲ್ಲ, ಎರಡು ತುಂಬಿದ ಮೇಲೆ ದಿನಕ್ಕೆ ಒಂದು ಗಂಟೆ ಮೀರಬಾರದು. ಅಜ್ಜಿ ತಾತನ ಜೊತೆಗಿನ ವಿಡಿಯೊ ಕರೆಯನ್ನು ನಾನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ, ಏಕೆಂದರೆ ಅಲ್ಲಿ ಎದುರಿನವರು ಮಗುವಿನ ಮಾತಿಗೆ ಮಾತು ಕೊಡುತ್ತಾರೆ. ಆದರೆ ಸಮಯ ನೋಡಿಕೊಳ್ಳಬೇಕು. ಅಕ್ಟೋಬರ್ ಕೊನೆಯ ಭಾನುವಾರದಿಂದ ಮಾರ್ಚ್ ಕೊನೆಯ ಭಾನುವಾರದವರೆಗೆ ಭಾರತದ ಗಡಿಯಾರ ಇಲ್ಲಿಗಿಂತ ಐದೂವರೆ ಗಂಟೆ ಮುಂದಿರುತ್ತದೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ. ಇಲ್ಲಿ ಸಂಜೆ ಐದಾದಾಗ ಚಳಿಗಾಲದಲ್ಲಿ ಊರಿನಲ್ಲಿ ರಾತ್ರಿ ಹತ್ತೂವರೆ. ಹಾಗಾಗಿ ಮಗು ನಿದ್ದೆಯಿಂದ ಎದ್ದ ಕೂಡಲೇ, ಎರಡೂವರೆ ಮೂರರ ಹೊತ್ತಿಗೆ ಕರೆ ಮಾಡಿ. ಅಲ್ಲಿ ಊಟದ ಸಮಯ ಆಗಿರುತ್ತದೆ. ‘ಅಜ್ಜಿಗೆ ಹಾಯ್ ಹೇಳು’ ಎಂದು ಒತ್ತಾಯಿಸುವುದಕ್ಕಿಂತ, ಫೋನನ್ನು ನೆಲದ ಮೇಲೆ ಒರಗಿಸಿಟ್ಟು ಅಜ್ಜಿಯನ್ನೇ ಆಟಕ್ಕೆ ಸೇರಿಸಿಕೊಳ್ಳಿ. ಅಜ್ಜಿ ‘ಕೆರೆ’ ಎಂದರೆ ಮಗು ಹಾರಲಿ, ಅಜ್ಜಿ ಸೌಟು ಕೇಳಿದರೆ ತಂದು ತೋರಿಸಲಿ.

ಹಂತ 9: ಪಟ್ಟಿಯನ್ನು ಟರ್ಮಿಗೊಮ್ಮೆ ಬದಲಿಸಿ

ಸೆಪ್ಟೆಂಬರ್, ಜನವರಿ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಹೊಸ ಟರ್ಮ್, ಅಂದರೆ ಶಾಲಾ ವರ್ಷದ ಹೊಸ ಭಾಗ, ಆರಂಭವಾಗುವಾಗ ಗುಂಪುಗಳ ದಿನ ಮತ್ತು ವೇಳೆ ಬದಲಾಗುತ್ತವೆ. ಹಳೆಯ ಪಟ್ಟಿಯನ್ನು ನಂಬಿ ಹೊರಡಬೇಡಿ. ಮಗು ಬೆಳೆದಂತೆ ಹದಿನೆಂಟು ತಿಂಗಳಲ್ಲಿ ಹಿಡಿಸಿದ ಜಾಗ ಎರಡೂವರೆಗೆ ಬೇಸರವಾಗುವುದೂ ಸಹಜ. ಸೂರ್ಯನ ಬೆಳಕು ಕಡಿಮೆ ಇರುವ ಈ ದೇಶದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ವರ್ಷವಿಡೀ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ಹನಿ ಕೊಡಬೇಕೆಂದು ಎನ್.ಎಚ್.ಎಸ್. ಹೇಳುತ್ತದೆ, ಅದನ್ನೂ ಪಟ್ಟಿಯ ಅಂಚಿನಲ್ಲಿ ಬರೆದುಕೊಳ್ಳಿ.

ಮೂರು ವರ್ಷ ತುಂಬಿದ ನಂತರದ ಟರ್ಮಿನಿಂದ ಇಂಗ್ಲೆಂಡಿನ ಎಲ್ಲ ಮಕ್ಕಳಿಗೂ ವರ್ಷದ 38 ವಾರಗಳ ಲೆಕ್ಕದಲ್ಲಿ ವಾರಕ್ಕೆ 15 ಗಂಟೆ ನರ್ಸರಿ ಉಚಿತವಾಗಿ ದೊರೆಯುತ್ತದೆ. ಒಳ್ಳೆಯ ನರ್ಸರಿಗಳಲ್ಲಿ ಕಾಯುವವರ ಸಾಲು ಉದ್ದವಿರುವುದರಿಂದ, ಎರಡನೆಯ ಹುಟ್ಟುಹಬ್ಬ ಕಳೆದ ಮೇಲೆ ಹತ್ತಿರದ ಎರಡು ಮೂರು ನರ್ಸರಿಗಳನ್ನು ನೋಡಿ ಬಂದು ಹೆಸರು ಬರೆಸಿಡಿ. ನೋಡಲು ಮಳೆಯ ದಿನವೇ ಹೋಗಿ, ಮಳೆ ಬಂದಾಗ ಮಕ್ಕಳನ್ನು ಎಲ್ಲಿ ಆಡಿಸುತ್ತಾರೆಂದು ಕೇಳಿ.